ಕೇಸು ಮುಗಿಯುವವರೆಗೆ ಹುಡುಗನ ಶಾಲೆ ಬಿಡಿಸಬೇಕೇ?

ಪ್ರಶ್ನೆ: ಮಗ್ಗ ನೇಯ್ದು ಮನೆ ನಡೆಸುವ ನನ್ನ ಅಕ್ಕನ ಮಗನಿಗೆ 15 ವರ್ಷ. ಓಣಿಯ ಇಬ್ಬರು ದೊಡ್ಡ ಹುಡುಗರೊಂದಿಗೆ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದು, ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಕೇಸು ಮುಗಿಯುವವರೆಗೆ ಬರುವುದು ಬೇಡ ಎಂದು ಶಾಲೆಯವರು ಹೇಳಿದ್ದಾರೆ. ಜನರ ಬಾಯಿಗೆ ಅಂಜಿ ಅಕ್ಕ ಅವನನ್ನು ಗೋವೆಗೆ ದುಡಿಯಲು ಕಳಿಸುವೆನೆನ್ನುತ್ತಾಳೆ. ಏನು ಮಾಡಲಿ?
– ಓದುಗರು, ಇಳಕಲ್

ಉತ್ತರ: ದಯವಿಟ್ಟು ಕಳಿಸಬೇಡಿ. ಕರೆದ ದಿನ ಹುಡುಗ ಹಾಜರಾಗದಿದ್ದರೆ ಜಾಮೀನಿಗೇ ಕುತ್ತು ಬರಬಹುದು.

2015ರ ಬಾಲ ನ್ಯಾಯ ಕಾಯ್ದೆಯಂತೆ ದೊಡ್ಡವರಿಬ್ಬರ ವಿಚಾರಣೆಯೊಂದಿಗೆ ಇವನದನ್ನು ಸೇರಿಸುವಂತಿಲ್ಲ. ಇವನ ವಿಚಾರಣೆ ನಡೆಸುವುದು ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಬಾಲ ನ್ಯಾಯ ಮಂಡಳಿ. ಅದು ಕಳವೊಂದನ್ನೇ ನೋಡುವುದಿಲ್ಲ. ಹುಡುಗನ ಮನೆ, ಓದು, ಗೆಳೆತನಗಳ ಬಗ್ಗೆ ಪರಿವೀಕ್ಷಣಾಧಿಕಾರಿಯಿಂದ ವರದಿ ತರಿಸಿಕೊಳ್ಳುತ್ತದೆ. ಅಧಿಕಾರಿ ಬಂದಾಗ ಹುಡುಗ ಮಗ್ಗದ ಪಕ್ಕ ಕುಳಿತು ಲೆಕ್ಕ ಬಿಡಿಸುತ್ತಿದ್ದರೆ ಅದು ವರದಿಗೆ ಸೇರುತ್ತದೆ. ‘ಗೋವಾಕ್ಕ ಹೋಗ್ಯಾನ್ರಿ’ ಎಂಬ ಉತ್ತರ ಸಿಕ್ಕರೆ ಅದೂ ಸೇರುತ್ತದೆ.

ಶಾಲೆಯವರ ಮಾತು ನನಗೆ ನೋವು ತಂದಿತು. ಅವನು ತಪ್ಪು ಮಾಡಿದ್ದಾನೆಂದು ಮಂಡಳಿ ಇನ್ನೂ ಹೇಳಿಲ್ಲ, ಮತ್ತು ಕೇಸಿದೆ ಎಂಬ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಲು ಆ ಕಾಯ್ದೆ ಯಾರಿಗೂ ಅಧಿಕಾರ ಕೊಟ್ಟಿಲ್ಲ. ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಮುಟ್ಟಿಸಿ. ಮುಂದಿನ ವಿಚಾರಣೆಯ ದಿನ ಮಂಡಳಿಯ ಗಮನಕ್ಕೂ ತನ್ನಿ. ವಕೀಲರ ಖರ್ಚಿನ ಚಿಂತೆ ಬೇಡ, ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಶಾಲೆಗೆ ಹೋದಾಗ ಹಾಜರಿ ಪುಸ್ತಕವನ್ನೊಮ್ಮೆ ನೋಡಲು ಕೇಳಿ. ಕಳವಿಗೆ ಮೊದಲೇ ಅವನು ವಾರಗಟ್ಟಲೆ ತರಗತಿ ತಪ್ಪಿಸಿದ್ದರೆ, ಆ ದಿನಗಳನ್ನು ಎಲ್ಲಿ, ಯಾರ ಜೊತೆ ಕಳೆದನೆಂದು ಗದರಿಸದೆ ವಿಚಾರಿಸಿ. ಮಕ್ಕಳು ಕೈತಪ್ಪುವುದು ಕಳವಿನ ರಾತ್ರಿಯಲ್ಲ, ಯಾರೂ ಕೇಳದೆ ಬಿಟ್ಟ ಆ ಮಧ್ಯಾಹ್ನಗಳಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಶಾಲೆ ಬಿಡಿಸಿದರೆ ಅವನಿಗೆ ಅಂಥ ಮಧ್ಯಾಹ್ನಗಳನ್ನು ನಾವೇ ಇನ್ನಷ್ಟು ಕೊಟ್ಟಂತಾಗುತ್ತದೆ.

ಮುಂದೆ ನೌಕರಿಗೆ ಕಲ್ಲು ಬೀಳುವುದೆಂಬ ಭಯ ಅಕ್ಕನಿಗಿದ್ದರೆ ಇದನ್ನು ತಿಳಿಸಿ: ತಪ್ಪು ಸಾಬೀತಾದರೂ ಈ ವಯಸ್ಸಿನವನಿಗೆ ಅದರಿಂದ ಯಾವ ಅನರ್ಹತೆಯೂ ಅಂಟಬಾರದು, ನಿಗದಿತ ಅವಧಿಯ ನಂತರ ದಾಖಲೆಗಳನ್ನು ನಾಶಪಡಿಸಬೇಕು ಎಂದು ಕಾಯ್ದೆಯ 24ನೆಯ ಕಲಂ ಹೇಳುತ್ತದೆ. ಅವನ ಹೆಸರನ್ನಾಗಲಿ ಫೋಟೊವನ್ನಾಗಲಿ ಪತ್ರಿಕೆಗಳಲ್ಲಿ ಪ್ರಕಟಿಸುವುದೂ ಶಿಕ್ಷಾರ್ಹ ಅಪರಾಧ. ಮನವಿ ಕೊಡುವ ದಿನ ಅವನನ್ನೂ ಕರೆದುಕೊಂಡು, ಪಾಟಿಚೀಲದ ಸಮೇತ ಹೋಗಿ.