ತ್ರುಫೊ ಚಿತ್ರಕ್ಕೆ ಆಸ್ಕರ್ ಯಾವ ವರ್ಷ?

ಪ್ರಶ್ನೆ: ನಮ್ಮ ಚಿತ್ರ ಬಳಗದಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್‌ವಾ ತ್ರುಫೊ ಅವರ ಸಿನಿಮಾಗಳನ್ನು ತೋರಿಸುತ್ತಿದ್ದೇವೆ. ‘ಡೇ ಫಾರ್ ನೈಟ್’ಗೆ ಆಸ್ಕರ್ ಬಂದದ್ದು 1974ರಲ್ಲೋ 1975ರಲ್ಲೋ? ಕರಪತ್ರದಲ್ಲಿ ಏನೆಂದು ಹಾಕೋಣ?
– ಓದುಗರೊಬ್ಬರು, ಹಾಸನ

ಉತ್ತರ: ಗೆದ್ದದ್ದು 1974ರ ಸಮಾರಂಭದಲ್ಲಿ, ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ. ಆಗ ಆ ವಿಭಾಗಕ್ಕೆ ದೇಶವೇ ಚಿತ್ರ ಕಳಿಸಬೇಕಿತ್ತು, ಪ್ರಶಸ್ತಿಯೂ ದೇಶದ ಹೆಸರಿಗೇ ಹೋಗುತ್ತಿತ್ತು. ಹಾಗಾಗಿ ‘ಆಸ್ಕರ್ ವಿಜೇತ ನಿರ್ದೇಶಕ’ ಎಂದು ಅಚ್ಚು ಹಾಕಿಸಬೇಡಿ. ‘ಆಸ್ಕರ್ ಪಡೆದ ಚಿತ್ರ’ ಎಂದರೆ ಸಾಕು. ಉಳಿದ ವಿಭಾಗಗಳಿಗೆ ಆಗ ಲಾಸ್ ಏಂಜಲೀಸ್‌ನ ಚಿತ್ರಮಂದಿರದಲ್ಲಿ ತೆರೆಕಂಡ ವರ್ಷವೇ ಲೆಕ್ಕವಾಗಿತ್ತು. ಗೊಂದಲದ ಮೂಲ ಇದೇ: ಅದೇ ಚಿತ್ರ 1975ರಲ್ಲಿ ನಿರ್ದೇಶನ, ಚಿತ್ರಕಥೆ, ಪೋಷಕ ನಟಿ ವಿಭಾಗಗಳಿಗೆ ನಾಮನಿರ್ದೇಶನಗೊಂಡಿತು. ಒಂದೂ ದಕ್ಕಲಿಲ್ಲ. ಪೋಷಕ ನಟಿ ಪ್ರಶಸ್ತಿ ಗೆದ್ದ ಇಂಗ್ರಿಡ್ ಬರ್ಗ್‌ಮನ್ ಅವರಂತೂ ಇದು ‘ಡೇ ಫಾರ್ ನೈಟ್’ನ ನಟಿ ವಾಲೆಂಟಿನಾ ಕೊರ್ತೆಸೆಗೆ ಸಲ್ಲಬೇಕಿತ್ತೆಂದು ವೇದಿಕೆಯಲ್ಲೇ ಹೇಳಿಬಿಟ್ಟರು!

ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿಷಯದಲ್ಲೂ ಎಚ್ಚರ. 1959ರಲ್ಲಿ ‘ದ ಫೋರ್ ಹಂಡ್ರೆಡ್ ಬ್ಲೋಸ್’ಗೆ ಸಿಕ್ಕಿದ್ದು ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ, ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಗರಿಯಲ್ಲ. ಅದು ‘ಬ್ಲ್ಯಾಕ್ ಆರ್ಫಿಯಸ್’ ಪಾಲಾಯಿತು. ತ್ರುಫೊ ಕೈಗೆ ವೈಯಕ್ತಿಕವಾಗಿ ಬಂದ ದೊಡ್ಡ ಗೌರವ ಬೇಕೆಂದರೆ 1981ರ ಸೀಜರ್ (ಫ್ರಾನ್ಸಿನ ರಾಷ್ಟ್ರೀಯ ಚಿತ್ರ ಪ್ರಶಸ್ತಿ) ಹಾಕಿ: ‘ದ ಲಾಸ್ಟ್ ಮೆಟ್ರೊ’ ಬಾಚಿದ 10ರಲ್ಲಿ ನಿರ್ದೇಶನವೂ ಇತ್ತು.