ಲಿಬ್‌ಕರ್ಲ್ ಹಾಕಿದರೂ ಹಳೇ ಆವೃತ್ತಿಯೇ ಬರ್ತಿದೆಯಾ?

ಪ್ರಶ್ನೆ: ಉಬುಂಟುವಿನಲ್ಲಿ ಲಿಬ್‌ಕರ್ಲ್ (ಪ್ರೋಗ್ರಾಮ್‌ಗಳು ಇಂಟರ್ನೆಟ್‌ನಿಂದ ಡೇಟಾ ತರಲು, ಕಳಿಸಲು ಬಳಸುವ ಲೈಬ್ರರಿ) ಅನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಲು ಹೊರಟೆ. ಕಾನ್ಫಿಗರ್ ಹಂತದಲ್ಲೇ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಸುರಕ್ಷಿತವಾಗಿಡುವ ವ್ಯವಸ್ಥೆ) ಆರಿಸಿ ಅಂತ ನಿಂತುಬಿಡುತ್ತದೆ. ಟಿಎಲ್‌ಎಸ್ ಬೇಡ ಅಂತ ಕೊಟ್ಟು ಹೇಗೋ ಇನ್‌ಸ್ಟಾಲ್ ಮಾಡಿದೆ, ಆದರೂ ಹಳೇ ಲೈಬ್ರರಿಯ ಆವೃತ್ತಿಯೇ ತೋರಿಸುತ್ತಿದೆ. ಏನು ಮಾಡಲಿ?

ಉತ್ತರ: ಟಿಎಲ್‌ಎಸ್ ಬಿಟ್ಟರೆ ಎಚ್‌ಟಿಟಿಪಿಎಸ್ ತಾಣ ಒಂದೂ ತೆರೆಯಲ್ಲ, ಹಾಗಾಗಿ ದಯವಿಟ್ಟು ಅದನ್ನು ಬಿಡಬೇಡಿ. 2021ರಿಂದ ಕರ್ಲ್ (ಲಿಬ್‌ಕರ್ಲ್ ಜೊತೆಗೇ ಬರುವ, ಅದನ್ನೇ ಬಳಸುವ ಕಮಾಂಡ್) ಯಾವ ಟಿಎಲ್‌ಎಸ್ ಲೈಬ್ರರಿ ಬೇಕು ಅಂತ ನಮ್ಮನ್ನೇ ಕೇಳುತ್ತದೆ. ಮೊದಲು ಲಿಬ್‌ಎಸ್‌ಎಸ್‌ಎಲ್-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ಬರೀ ಓಪನ್‌ಎಸ್‌ಎಸ್‌ಎಲ್ (ಇಂಥ ಒಂದು ಟಿಎಲ್‌ಎಸ್ ಲೈಬ್ರರಿ) ಇದ್ದರೆ ಸಾಲದು, ಕಂಪೈಲ್ ಮಾಡಲು ಅದರ ಹೆಡರ್ ಫೈಲ್‌ಗಳು ಬೇಕು, ಅವು ಇರುವುದು ಈ ಡೆವ್ ಪ್ಯಾಕೇಜ್‌ನಲ್ಲಿ. ಹೊಸ ಆವೃತ್ತಿಯಾದರೆ ಲಿಬ್‌ಪಿಎಸ್‌ಎಲ್-ಡೆವ್ ಕೂಡ ಕೇಳುತ್ತದೆ. ಆಮೇಲೆ ಮೇಕ್ ಕ್ಲೀನ್ ಮಾಡಿ, ವಿತ್-ಓಪನ್‌ಎಸ್‌ಎಸ್‌ಎಲ್ ಆಯ್ಕೆ ಕೊಟ್ಟು ಕಾನ್ಫಿಗರ್ ಓಡಿಸಿ. ಕೊನೆಯಲ್ಲಿ ಬರುವ ಪಟ್ಟಿಯನ್ನು ಸುಮ್ನೆ ದಾಟಿಸಬೇಡಿ, ಎಸ್‌ಎಸ್‌ಎಲ್ ಎದುರು ಓಪನ್‌ಎಸ್‌ಎಸ್‌ಎಲ್ ಅಂತ ಇದೆಯಾ ನೋಡಿ. ನಂತರ ಮೇಕ್, ಸುಡೊ ಮೇಕ್ ಇನ್‌ಸ್ಟಾಲ್.

ಇನ್ನು ಹಳೇ ಆವೃತ್ತಿಯ ವಿಷಯ. ಹೊಸ ಲೈಬ್ರರಿ ಯೂಸರ್-ಲೋಕಲ್ ಒಳಗಿನ ಲಿಬ್ ಫೋಲ್ಡರ್‌ಗೆ ಹೋಗಿರುತ್ತದೆ, ಆದರೆ ಸಿಸ್ಟಮ್‌ನ ಲಿಂಕರ್ (ಪ್ರೋಗ್ರಾಮ್‌ಗೆ ಬೇಕಾದ ಲೈಬ್ರರಿ ಹುಡುಕಿಕೊಡುವ ಭಾಗ) ತನ್ನ ಹಳೇ ಪಟ್ಟಿಯನ್ನೇ ನೋಡುತ್ತಿರುತ್ತದೆ. ಸುಡೊ ಎಲ್‌ಡಿಕಾನ್ಫಿಗ್ ಕೊಟ್ಟರೆ ಪಟ್ಟಿ ಹೊಸದಾಗುತ್ತದೆ, ಅಷ್ಟೇ. ಕರ್ಲ್ ಜೊತೆ ದೊಡ್ಡಕ್ಷರದ ವಿ ಕೊಟ್ಟು ನೋಡಿ: ಕರ್ಲ್, ಲಿಬ್‌ಕರ್ಲ್ ಎರಡರ ಸಂಖ್ಯೆಯೂ ಒಂದೇ ಇರಬೇಕು.

ಉಬುಂಟು ಜೊತೆ ಬಂದ ಲಿಬ್‌ಕರ್ಲ್ ಅನ್ನು ಮಾತ್ರ ಅಳಿಸಬೇಡಿ, ಬೇರೆ ಎಷ್ಟೋ ಪ್ರೋಗ್ರಾಮ್‌ಗಳು ಅದನ್ನೇ ನಂಬಿಕೊಂಡಿರುತ್ತವೆ.