ಬಿಲ್ ಇಲ್ಲದ ಕ್ಯಾಮೆರಾ ಕೊಳ್ಳಬಹುದೇ?

ಪ್ರಶ್ನೆ: ಮದುವೆ, ಉಪನಯನಗಳ ಫೋಟೋ ತೆಗೆಯುವವರ ಬಳಿ ಎರಡು ವರ್ಷ ಕೆಲಸ ಕಲಿತ ನನ್ನ ಮಗನಿಗೆ ಸ್ವಂತದ್ದೊಂದು ಮಿರರ್‌ಲೆಸ್ ಕ್ಯಾಮೆರಾ ಬೇಕಾಗಿದೆ. ಶಿವಮೊಗ್ಗದ ಅಂಗಡಿಯಲ್ಲಿ ಬಾಡಿ, ಲೆನ್ಸ್ ಸೇರಿ 1,41,600 ರೂಪಾಯಿ ಹೇಳಿದ್ದಾರೆ. ಬೆಂಗಳೂರಿನ ಪರಿಚಿತರೊಬ್ಬರು ಅದನ್ನೇ ಬಿಲ್ ಇಲ್ಲದೆ 1,19,000ಕ್ಕೆ ಕೊಡಿಸುತ್ತೇನೆ, ‘ಇಂಟರ್‌ನ್ಯಾಷನಲ್ ವಾರಂಟಿ’ಯೂ ಇದೆ ಎನ್ನುತ್ತಾರೆ. ಅಡಿಕೆ ಮಾರಿ ಬಂದ ಹಣ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಶಿವಮೊಗ್ಗದ ಅಂಗಡಿಯದ್ದನ್ನೇ ಕೊಳ್ಳಿ. ನಿಮ್ಮ ಪರಿಚಿತರು ಹೇಳುತ್ತಿರುವುದು ‘ಗ್ರೇ ಮಾರ್ಕೆಟ್’ ಮಾಲಿನಂತೆ ಕಾಣುತ್ತದೆ. ಗ್ರೇ ಮಾರ್ಕೆಟ್ ಎಂದರೆ ನಕಲಿ ಮಾಲು ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಸಾಮಾನ್ಯವಾಗಿ ಅದೇ ಕಂಪನಿಯ ಅಸಲಿ ಕ್ಯಾಮೆರಾವೇ ಅಧಿಕೃತ ಆಮದುದಾರರನ್ನು ಬಿಟ್ಟು ಬೇರೆ ದಾರಿಯಲ್ಲಿ ಬಂದಿರುತ್ತದೆ. ಆದ್ದರಿಂದ ಚಿತ್ರದ ಗುಣಮಟ್ಟದಲ್ಲಿ ವ್ಯತ್ಯಾಸವಿರುವುದಿಲ್ಲ.

ಹಾಗಾದರೆ ಬೆಲೆ ಕಡಿಮೆ ಹೇಗೆ? ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅಂಗಡಿಯವರು ಹೇಳಿದ 1,41,600ರಲ್ಲಿ ಮೂಲಬೆಲೆ 1,20,000, ತೆರಿಗೆ 21,600. ನಿಮ್ಮ ಪರಿಚಿತರು ಬಿಡುತ್ತಿರುವುದು 22,600. ಎಂದರೆ ಆ ರಿಯಾಯಿತಿಯ ಬಹುಪಾಲು ಯಾರೂ ಕಟ್ಟದೆ ಉಳಿಸಿಕೊಂಡ ತೆರಿಗೆಯ ಮೊತ್ತಕ್ಕೆ ಸಮ. ಮಾರುವವರು ತಮ್ಮ ಲಾಭದಲ್ಲಿ ಬಿಟ್ಟುಕೊಟ್ಟದ್ದು ಬಹಳವೇನೂ ಇಲ್ಲ, ಆದರೆ ಮುಂದಿನ ಹೊಣೆಯನ್ನೆಲ್ಲ ನಿಮ್ಮ ಮಗನ ಹೆಗಲಿಗೆ ದಾಟಿಸಿರುತ್ತಾರೆ. ಮಗ ಮುಂದೆ ಜಿಎಸ್‌ಟಿ ನೋಂದಣಿ ಮಾಡಿಸಿ ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವನಾದರೆ, ಆ ಬಳಿಕ ವ್ಯವಹಾರಕ್ಕೆಂದು ಬಿಲ್ ಪಡೆದು ಕೊಳ್ಳುವ ಸಾಮಾನಿನ ಇಂಥ ತೆರಿಗೆಯನ್ನು ತಾನು ಕಟ್ಟಬೇಕಾದುದರಲ್ಲಿ ವಜಾ ಮಾಡಿಕೊಳ್ಳಲೂ ಬರುತ್ತದೆ.

‘ಇಂಟರ್‌ನ್ಯಾಷನಲ್ ವಾರಂಟಿ’ ಎಂಬ ಮಾತನ್ನು ಬಾಯಿಮಾತಿನ ಮೇಲೆ ನಂಬಬೇಡಿ. ಅನೇಕ ಸಲ ಅದು ಮಾರಿದವರದೇ ವಾರಂಟಿಯಾಗಿರುತ್ತದೆ. ಕ್ಯಾಮೆರಾದ ಸೀರಿಯಲ್ ನಂಬರ್ ಹೇಳಿ ಭಾರತದ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಕೇಳಿದರೆ ನಿಜ ಅಲ್ಲೇ ತಿಳಿಯುತ್ತದೆ. ಹಲವು ವರ್ಷಗಳ ಹಿಂದೆ ನಾನು ಹಾಗೆ ಕೇಳದೆ ಒಂದು ಲೆನ್ಸ್ ಕೊಂಡಿದ್ದೆ. ಆಗುಂಬೆಯ ಮಳೆಯಲ್ಲಿ ಚಿತ್ರ ತೆಗೆದು ಬಂದ ವಾರದಲ್ಲೇ ಅದರ ಫೋಕಸ್ ನಿಂತಿತು, ಮಾರಿದವರು ಫೋನ್ ಎತ್ತುವುದನ್ನೂ ನಿಲ್ಲಿಸಿದರು. ರಿಪೇರಿಗೆ ಕೊಟ್ಟ ಹಣಕ್ಕಿಂತ ಆ ಮದುವೆಗಾಲದಲ್ಲಿ ಒಪ್ಪಿಕೊಂಡಿದ್ದ ಎರಡು ಮನೆಗಳಿಗೆ ಆಗುವುದಿಲ್ಲವೆಂದು ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅಂಗಡಿಯಲ್ಲಿಯೂ ಕಣ್ಣಿಟ್ಟು ನೋಡಿ. ಆಮದಾದ ಸಾಮಾನಿನ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು. ಬಾಡಿ, ಪೆಟ್ಟಿಗೆ, ಬಿಲ್ ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಬಿಲ್ ಕೈಯಲ್ಲಿದ್ದರೆ, ಮುಂದೆ ತಕರಾರು ಬಂದಾಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ಸಲಹೆ ಸಿಗುತ್ತದೆ.

ಒಂದನ್ನು ಮಾತ್ರ ಯಾವ ವಾರಂಟಿಯೂ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ, ಅದು ನಮ್ಮ ಮಲೆನಾಡಿನ ತೇವದಿಂದ ಲೆನ್ಸಿನೊಳಗೆ ಬೆಳೆಯುವ ಬೂಸ್ಟು. ಜೂನ್ ತಿಂಗಳಿಗೆ ಮೊದಲು ಒಂದು ಸಣ್ಣ ಡ್ರೈ ಕ್ಯಾಬಿನೆಟ್ ಕೊಡಿಸಿ, ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಲು ಮಗನಿಗೆ ಹೇಳಿ. ಅದಕ್ಕೆ ಸದ್ಯ ಹಣ ಸಾಲದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಅದರ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿಕೊಳ್ಳಲಿ.